ಕಿಟಕಿಗೆ ಬೆನ್ನು ಮಾಡಿ ಕೂರಿಸಿ

ಕಾರವಾರ ತಾಲೂಕಿನ ಶಾಲೆಗಳಿಗೆ ತಿರುಗುವ ಸಂಪನ್ಮೂಲ ಶಿಕ್ಷಕಿ ನಾನು. ಅಂಗವೈಕಲ್ಯ ಇರುವ ಮಕ್ಕಳು ಎಲ್ಲರ ಜೊತೆ ಕಲಿಯೋಕೆ ನೆರವಾಗೋದು ನನ್ನ ಕೆಲಸ. ಇಲಾಖೆಯ ಕಾಗದದಲ್ಲಿ ಈ ಹುದ್ದೆಗೆ ಬಿಐಇಆರ್‌ಟಿ ಅಂತ ಹೆಸರು, ಮಕ್ಕಳ ಬಾಯಲ್ಲಿ ನಾನು ‘ಬಿಆರ್‌ಸಿ ಅಕ್ಕೋರು’, ಅಂದರೆ ತಾಲೂಕಿನ ಸಂಪನ್ಮೂಲ ಕೇಂದ್ರದಿಂದ ಬರುವ ಅಕ್ಕೋರು. ಕಣ್ಣಿನ ತೊಂದರೆಯ ಮಕ್ಕಳು ಅಂದ ಕೂಡಲೇ ಎಲ್ಲರಿಗೂ ಬ್ರೈಲ್ ನೆನಪಾಗುತ್ತದೆ. ಆದರೆ ನನ್ನ ಪಟ್ಟಿಯ ಹೆಚ್ಚಿನ ಮಕ್ಕಳಿಗೆ ಅಷ್ಟೋ ಇಷ್ಟೋ ಕಾಣುತ್ತದೆ. ಆ ಇಷ್ಟನ್ನೇ ತರಗತಿಯಲ್ಲಿ ಹೇಗೆ ಬಳಸೋದು ಅನ್ನೋದು ನನ್ನ ಮುಕ್ಕಾಲು ಕೆಲಸ. ಅದಕ್ಕೆ ದುಡ್ಡು ಜಾಸ್ತಿ ಬೇಡ, ತರಗತಿಯ ಮಾಸ್ತರು ಮನಸ್ಸು ಮಾಡಬೇಕು.

ನಾನು ಮೊದಲು ನೋಡೋದು ಬೆಳಕು. ಮಾಜಾಳಿ ಕಡೆಯ ಒಂದು ಶಾಲೆಯಲ್ಲಿ ಆರನೇ ತರಗತಿ ಹುಡುಗಿಗೆ ಆಲ್ಬಿನಿಸಂ ಇದೆ. ಚರ್ಮ, ಕೂದಲು, ಕಣ್ಣು ಎಲ್ಲದರಲ್ಲೂ ಬಣ್ಣ ಕಮ್ಮಿ, ಕಣ್ಣುಗುಡ್ಡೆ ಸದಾ ಅಲುಗಾಡುತ್ತದೆ, ಬಿಸಿಲು ಕಂಡರಾಗದು. ‘ಮುಂದಿನ ಬೆಂಚಲ್ಲೇ ಕೂರಿಸಿದ್ದೇವಲ್ಲ ಅಕ್ಕೋರೆ’ ಅಂದರು ಮಾಸ್ತರು. ಹೌದು, ಕೂರಿಸಿದ್ದರು. ಆದರೆ ಅವಳ ಮುಖಕ್ಕೆ ನೇರ ಪಶ್ಚಿಮದ ಕಿಟಕಿ, ಆಚೆ ಸಮುದ್ರ. ಮಧ್ಯಾಹ್ನ ಕಳೆದ ಮೇಲೆ ನೀರಿನಿಂದ ಹೊಡೆಯುವ ಆ ಪ್ರಖರಕ್ಕೆ ನಮಗೇ ಕಣ್ಣು ಬಿಡೋಕಾಗಲ್ಲ. ಬೆಂಚು ತಿರುಗಿಸಿ, ಕಿಟಕಿ ಬೆನ್ನಿಗೆ ಬರೋ ಹಾಗೆ ಕೂರಿಸಿದೆವು. ಒಳಗೂ ಟೊಪ್ಪಿ ಹಾಕಿಕೊಳ್ಳಲಿ ಅಂದಾಗ ಶಿಸ್ತಿನ ಮಾತು ಬಂತು, ಸ್ವಲ್ಪ ವಾದವೂ ಆಯಿತು. ಟೊಪ್ಪಿಯ ಅಂಚು ಕಣ್ಣಿಗೆ ನೆರಳು ಕೊಡುತ್ತದೆ ಅನ್ನೋದು ಅವರಿಗೆ ಅರ್ಥವಾಗಿದ್ದು ಹುಡುಗಿ ತಾನೇ ತಲೆಯೆತ್ತಿ ಬೋರ್ಡ್ ಓದಿದ ಮೇಲೆ.

ಇದೇ ಮದ್ದು ಎಲ್ಲರಿಗೂ ಅಂದುಕೊಂಡರೆ ಕೆಟ್ಟಿತು. ಅಂಕೋಲಾ ದಾರಿಯ ಇನ್ನೊಂದು ಶಾಲೆಯ ಹುಡುಗನಿಗೆ ರೆಟಿನಾದ ತೊಂದರೆ, ಮಬ್ಬು ಬೆಳಕಲ್ಲಿ ಏನೂ ಕಾಣಲ್ಲ, ಸುತ್ತಲಿನ ನೋಟವೂ ಕಿರಿದಾಗುತ್ತಾ ಬಂದಿದೆ. ಆಷಾಢದ ಮಳೆ, ಕರೆಂಟ್ ಇಲ್ಲ, ಹೆಂಚಿನ ಮಾಡಿನ ಕೆಳಗೆ ಕತ್ತಲೆ. ಅವನನ್ನು ಗಾಜಿನ ಹೆಂಚಿನ ಕೆಳಗೆ ಕೂರಿಸಿದೆ, ಅದೂ ಮುಂದೆ ಅಲ್ಲ, ನಡುವೆ. ಕಿರಿದಾದ ನೋಟಕ್ಕೆ ತೀರಾ ಹತ್ತಿರ ಹೋದರೆ ಬೋರ್ಡಿನ ಒಂದು ತುಂಡು ಮಾತ್ರ ಕಾಣುತ್ತದೆ, ಸ್ವಲ್ಪ ಹಿಂದೆ ಸರಿದರೆ ಇಡೀ ಸಾಲು ಸಿಗುತ್ತದೆ.

ಮನೆಯವರ ಜೊತೆ ಮಾತು ಬೇರೆ. ‘ಪುಸ್ತಕ ಮೂಗಿಗೆ ಹಿಡೀಬೇಡ, ಕಣ್ಣು ಹೋಗ್ತದೆ’ ಅಂತ ಅಜ್ಜಿಯಂದಿರು ಗದರುತ್ತಾರೆ. ಹಾಗೇನೂ ಆಗಲ್ಲ. 30 ಸೆಂಟಿಮೀಟರ್‌ನಿಂದ 15ಕ್ಕೆ ತಂದರೆ ಅಕ್ಷರ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಬಿಟ್ಟಿ ಭೂತಗನ್ನಡಿ ಅದು. ಕುತ್ತಿಗೆ ನೋಯದಂತೆ ಇಳಿಜಾರು ಹಲಗೆ ಒಂದು ಮಾಡಿಸಿಕೊಡಿ ಅಂತೀನಿ. ಕಪ್ಪು ಕಾರ್ಡಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊಯ್ದು ಪುಟದ ಮೇಲಿಟ್ಟರೆ ಸಾಲು ತಪ್ಪಲ್ಲ.

ಎಲ್ಲಕ್ಕಿಂತ ಕಷ್ಟ ಗಣಿತದ ಮಾಸ್ತರ ಬಾಯಿ. ‘ಇದನ್ನು ಇಲ್ಲಿಗೆ ತಂದರೆ ಇದು ಇಷ್ಟಾಯ್ತು’ ಅಂತ ಬೋರ್ಡ್ ಕಡೆ ಮುಖ ಮಾಡಿ ಹೇಳಿದರೆ ಕಾಣದ ಮಗುವಿಗೆ ಏನು ಸಿಕ್ಕಿತು? ಬರೆಯುತ್ತಾ ಬರೆಯುತ್ತಾ ಅಂಕಿಗಳನ್ನು ಓದಿ ಹೇಳಿ, ಅಷ್ಟು ಸಾಕು. ಇದನ್ನು ರೂಢಿ ಮಾಡಿಸೋಕೆ ನನಗೆ ಉಪಕರಣ ತರಿಸೋದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ.

ನಕ್ಷೆಗೆ ಮಾತ್ರ ಕೈ ಬೇಕು. ರಟ್ಟಿನ ಮೇಲೆ ಜಿಲ್ಲೆಯ ಗಡಿಗೆ ದಪ್ಪ ಹುರಿ, ಘಟ್ಟಕ್ಕೆ ತೆಂಗಿನ ನಾರು, ನದಿಗಳಿಗೆ ತೆಳು ದಾರ ಅಂಟಿಸಿದೆ. ಉತ್ತರದಿಂದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಏನೂ ಕಾಣದ ಹುಡುಗನೊಬ್ಬ ಬೆರಳಾಡಿಸಿ, ‘ಎಲ್ಲವೂ ನಾರು ದಾಟಿಯೇ ಬರ್ತವಲ್ಲ ಅಕ್ಕೋರೆ’ ಅಂದ. ಈಗ ಕಣ್ಣಿರುವ ಮಕ್ಕಳೇ ಮುಟ್ಟಿ ಮುಟ್ಟಿ ದಾರ ಕಿತ್ತು ಹಾಕಿದ್ದಾರೆ.

ಆ ಹುಡುಗನಿಗೆ ಬ್ರೈಲ್ ಹೇಳಿಕೊಡುತ್ತಿದ್ದೇನೆ. ಬ್ರೈಲ್ ಸ್ಲೇಟ್ ಅಂದರೆ ಕಾಗದ ಸಿಕ್ಕಿಸುವ, ಸಾಲು ಸಾಲು ಕಿಂಡಿಗಳ ಚೌಕಟ್ಟು. ಅದರಲ್ಲಿ ಮೊನೆಯ ಕಡ್ಡಿಯಿಂದ ಚುಕ್ಕೆಗಳನ್ನು ಬಲದಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುವಿ ಎಡದಿಂದ ಓದಬೇಕು, ಶುರುವಿನಲ್ಲಿ ತಲೆ ತಿರುಗುತ್ತದೆ. ಆದರೆ ಕಾಗುಣಿತ ಸುಲಭ: ‘ಕಿ’ ಅಂದರೆ ಕ, ಪಕ್ಕದಲ್ಲಿ ಇ, ಮುಗಿಯಿತು.

ಇನ್ನು ಕಾಗದಪತ್ರ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಮಾಡಿಸಿದರಾಯಿತು ಅಂತ ಕೂರಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಶೇ 40ಕ್ಕಿಂತ ಕಮ್ಮಿ ಇಲ್ಲದ ಅಂಗವೈಕಲ್ಯ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅದಕ್ಕೂ ಈ ಕಾಗದವೇ ಬೇಕು. ಪರೀಕ್ಷೆಗೆ ಬರಹಗಾರರ ಸಹಾಯ ಸಿಗುತ್ತದೆ, ಹೆಚ್ಚಿನ ಸಮಯವೂ ಸಿಗುತ್ತದೆ. ಆದರೆ ಬೇರೆಯವರ ಕೈಯಿಂದ ಉತ್ತರ ಬರೆಸೋದು ಸುಮ್ನೆ ಬರೋ ವಿದ್ಯೆಯಲ್ಲ. ಎಲ್ಲಿ ಅಲ್ಪವಿರಾಮ, ಎಲ್ಲಿ ಹೊಸ ಸಾಲು, ತ್ರಿಕೋನದ ಯಾವ ಮೂಲೆಗೆ ಯಾವ ಅಕ್ಷರ, ಎಲ್ಲ ಬಾಯಲ್ಲಿ ಹೇಳಬೇಕು. ಅದಕ್ಕೇ ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಒಬ್ಬ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿ ಬರೆಸಲು ಶುರು ಮಾಡಿಸುತ್ತೇನೆ.