ನಂಬರ್ ಪ್ಲೇಟನ್ನು ಕೊನೆಗೆ ಓದಿ: ಹಳೆಯ ರ‍್ಯಾಲಿ ಚಿತ್ರಗಳ ಜೊತೆ ನನ್ನ ಅನುಭವ

ಹಳೆಯ ರ‍್ಯಾಲಿ ಚಿತ್ರವೊಂದು ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕಾರಿನ ನಂಬರ್ ಪ್ಲೇಟಿಗೆ. ನಾನು ಅದನ್ನು ಕೊನೆಗೆ ಓದುತ್ತೇನೆ. ಇದು ಹಟವಲ್ಲ, ಇಂಗ್ಲೆಂಡಿನ ಕಾವೆಂಟ್ರಿಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಬೇರೆಯವರ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಾ ಬೆಳೆದ ಅಭ್ಯಾಸ.

ನೆಗೆಟಿವ್‌ಗಳು ನಮ್ಮ ಬೀದಿಯ ಹಿರಿಯರೊಬ್ಬರವು. ವೃತ್ತಿಯಿಂದ ಅವರು ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದವರು, ವಾರಾಂತ್ಯಗಳಲ್ಲಿ ರ‍್ಯಾಲಿ ಮಾರ್ಷಲ್. ವೇಲ್ಸ್‌ನ ಡವಿ, ಹಾವ್ರೆನ್ ಕಾಡುಗಳಲ್ಲಿ, ಯಾರ್ಕ್‌ಷೈರಿನ ಡಾಲ್ಬಿಯಲ್ಲಿ ರಾತ್ರಿಯಿಡೀ ಚಳಿಯಲ್ಲಿ ನಿಂತು ಸಮಯ ಬರೆದುಕೊಳ್ಳುವುದು, ಜನರನ್ನು ರಸ್ತೆಯಿಂದ ಹಿಂದೆ ತಳ್ಳುವುದು ಅವರ ಕೆಲಸ. ಸಂಬಳವಿಲ್ಲ, ಹೆಚ್ಚೆಂದರೆ ಸೂಪು. ಕೊರಳಲ್ಲಿ ಕ್ಯಾಮೆರಾ ಮಾತ್ರ ಸದಾ ಇರುತ್ತಿತ್ತು. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿಯನ್ನು ಬದುವಿನ ಮೇಲೆ ನಿಂತು ನೋಡಿದವರಿಗೆ ಆ ಕೆಲಸದ ಸ್ವರೂಪ ಗೊತ್ತಿರುತ್ತದೆ.

ನೆಗೆಟಿವ್ ತುಂಬಿದ ಅವರ ಬಿಸ್ಕತ್ತಿನ ಡಬ್ಬಿಗಳನ್ನು ನಾನೇ ಕೇಳಿ ಪಡೆದುಕೊಂಡೆ. ಕಾರಣ ಒಂದು ಚಿತ್ರ. ಟ್ರಯಂಫ್ ಸ್ಪಿಟ್‌ಫೈರ್ ಕಾರೊಂದರ ಇಡೀ ಮುಂಭಾಗ, ಮಡ್‌ಗಾರ್ಡ್ ಸಮೇತ, ಮುಂದಕ್ಕೆ ಮಗುಚಿ ನಿಂತಿದೆ; ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆಯೇ ಕುಳಿತು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದಾನೆ. ಮೈಸೂರಿನ ನಮ್ಮ ಮನೆಯಲ್ಲಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಬಾನೆಟ್ಟೂ ಹಾಗೆಯೇ ತೆರೆಯುತ್ತಿತ್ತು. ಮದರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರು ಮೂಲದಲ್ಲಿ ಕಾವೆಂಟ್ರಿಯ ಟ್ರಯಂಫ್ ಹೆರಾಲ್ಡ್. ಸ್ಪಿಟ್‌ಫೈರ್ ನಿಂತಿರುವುದೂ ಹೆರಾಲ್ಡ್‌ನ ಚಾಸಿಯ ಮೇಲೆಯೇ. ನನ್ನಪ್ಪ ಭಾನುವಾರಗಳಲ್ಲಿ ಒರೆಸುತ್ತಿದ್ದ ಕಾರಿನ ದಾಯಾದಿ ರ‍್ಯಾಲಿಗಳಲ್ಲಿ ಓಡಿದ್ದನ್ನು ಕಂಡ ಮೇಲೆ ಡಬ್ಬಿಗಳನ್ನು ಅಲ್ಲಿಯೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೊದಲು ಕೈಕೆಲಸದ ಮಾತು. ಸುರುಳಿ ಸುತ್ತಿದ ನೆಗೆಟಿವನ್ನು ಬಲವಂತವಾಗಿ ಬಿಡಿಸಬಾರದು. ಪಾಲಿಪ್ರೊಪಿಲೀನ್ ಹಾಳೆಗೆ ಸೇರಿಸಿ ದಪ್ಪ ಪುಸ್ತಕಗಳ ಕೆಳಗೆ ವಾರಗಟ್ಟಲೆ ಇಟ್ಟರೆ ಅದೇ ಮಣಿಯುತ್ತದೆ. ಪಿವಿಸಿ ಹಾಳೆಗಳನ್ನು ಹತ್ತಿರ ಸೇರಿಸಬೇಡಿ. ಕಾಲಕ್ರಮೇಣ ಅವು ಫಿಲ್ಮನ್ನೇ ತಿನ್ನುತ್ತವೆ. ಧೂಳನ್ನು ಗಾಳಿ ಊದುವ ರಬ್ಬರ್ ಬುರುಡೆಯಿಂದ ಹಾರಿಸುತ್ತೇನೆ, ಬಟ್ಟೆಯಿಂದ ಉಜ್ಜುವುದಿಲ್ಲ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಅಂಥವನ್ನು ಬೇರೆಯಾಗಿಟ್ಟು ಮೊದಲು ಸ್ಕ್ಯಾನ್ ಮಾಡುತ್ತೇನೆ. 3,200 ಡಿಪಿಐನಲ್ಲಿ (ಇಂಚಿಗೆ ಅಷ್ಟು ಚುಕ್ಕೆ) 35 ಮಿ.ಮೀ. ಚೌಕಟ್ಟೊಂದು ಹೆಚ್ಚೂಕಡಿಮೆ 4,500 ಅಡ್ಡ, 3,000 ಉದ್ದದ ಪಿಕ್ಸೆಲ್‌ಗಳ ಚಿತ್ರವಾಗುತ್ತದೆ. 16 ಬಿಟ್ ಕಪ್ಪು-ಬಿಳುಪಿನ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 27 ಎಂಬಿ. ಅದಕ್ಕಿಂತ ಮೇಲೆ ಹೋದರೆ ಸಿಗುವುದು ಫಿಲ್ಮಿನ ಕಾಳು ಮಾತ್ರ, ಕಾರಲ್ಲ. ಧೂಳಿನ ಚುಕ್ಕೆಗಳನ್ನು ತಾನಾಗಿ ಅಳಿಸುವ ಇನ್‌ಫ್ರಾರೆಡ್ ಸೌಲಭ್ಯ ಸ್ಕ್ಯಾನರಿನಲ್ಲಿದ್ದರೂ ಬೆಳ್ಳಿ ಆಧಾರಿತ ಕಪ್ಪು-ಬಿಳುಪು ಫಿಲ್ಮಿಗೆ ಅದು ನಡೆಯುವುದಿಲ್ಲ. ಬೆಳ್ಳಿಯ ಕಣಗಳನ್ನೂ ಅದು ಧೂಳೆಂದೇ ಬಗೆಯುತ್ತದೆ.

ಸ್ಕ್ಯಾನಿಂಗ್ ತಾಳ್ಮೆಯ ಕೆಲಸ, ಅಷ್ಟೆ. ನಿಜವಾದ ಕಷ್ಟ ಆಮೇಲೆ ಬರುತ್ತದೆ: ಇದು ಯಾವ ಕಾರು, ಯಾವ ರ‍್ಯಾಲಿ, ಯಾವ ವರ್ಷ?

ನಂಬರ್ ಪ್ಲೇಟು ಇಲ್ಲಿ ತಕ್ಷಣ ಉತ್ತರ ಕೊಟ್ಟಂತೆ ಕಾಣುತ್ತದೆ. ಆಗಿನ ಬ್ರಿಟಿಷ್ ಸಂಖ್ಯೆಯ ಮೂರಕ್ಷರಗಳಲ್ಲಿ ಕೊನೆಯ ಎರಡು ನೋಂದಣಿಯ ಊರನ್ನು ಹೇಳುತ್ತವೆ. 1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಪ್ಯಾಡಿ ಹಾಪ್‌ಕಿರ್ಕ್ ಮತ್ತು ಹೆನ್ರಿ ಲಿಡನ್ ಗೆದ್ದ ಮಿನಿ ಕೂಪರ್ ಎಸ್ ಕಾರಿನ ಸಂಖ್ಯೆ 33 ಇಜೆಬಿ. ಮರುವರ್ಷ ಟಿಮೊ ಮಾಕಿನೆನ್ ಗೆದ್ದದ್ದು ಎಜೆಬಿ 44ಬಿ, 1967ರಲ್ಲಿ ರೌನೊ ಆಲ್ಟೊನೆನ್ ಗೆದ್ದದ್ದು ಎಲ್‌ಬಿಎಲ್ 6ಡಿ. ಜೆಬಿ, ಬಿಎಲ್ ಎರಡೂ ಬರ್ಕ್‌ಷೈರಿನವು. ಮಿನಿ ತಯಾರಿಸುತ್ತಿದ್ದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಸ್ಪರ್ಧಾ ವಿಭಾಗವಿದ್ದ ಆಬಿಂಗ್ಡನ್ ಆಗ ಬರ್ಕ್‌ಷೈರಿಗೆ ಸೇರಿತ್ತು. ಫೋರ್ಡ್ ತಂಡ ಎಸೆಕ್ಸಿನ ಬೋರಮ್‌ನಲ್ಲಿದ್ದುದರಿಂದ ಅದರ ಎಸ್ಕಾರ್ಟ್ ಕಾರುಗಳಲ್ಲಿ ವಿಎಕ್ಸ್, ಇವಿ, ಒಒ ಕಾಣುತ್ತವೆ. ವಿಸಿ, ಡಿಯು ಎಂದಿದ್ದರೆ ನಮ್ಮ ಕಾವೆಂಟ್ರಿ. ಕೊನೆಯಲ್ಲಿ ಒಂಟಿ ಅಕ್ಷರವಿದ್ದರೆ ಅದು ವರ್ಷದ್ದು: ಸಿ ಎಂದರೆ 1965, ಡಿ ಎಂದರೆ 1966.

ಎಡವಟ್ಟು ಇಲ್ಲಿಂದಲೇ. ಮೊದಲನೆಯದಾಗಿ, ಆ ಅಕ್ಷರ ನೋಂದಣಿಯ ವರ್ಷವೇ ಹೊರತು ಚಿತ್ರದ್ದಲ್ಲ. ರೋಜರ್ ಕ್ಲಾರ್ಕ್ ಮತ್ತು ಟೋನಿ ಮೇಸನ್, ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ನಡೆಸುತ್ತಿದ್ದ ದೊಡ್ಡ ರ‍್ಯಾಲಿಯಾದ 1972ರ ಆರ್‌ಎಸಿ ರ‍್ಯಾಲಿ ಗೆದ್ದ ಎಸ್ಕಾರ್ಟ್ ಎಲ್‌ವಿಎಕ್ಸ್ 942ಜೆ. ಜೆ ಅಕ್ಷರ 1970ರ ಆಗಸ್ಟಿನಿಂದ 1971ರ ಜುಲೈವರೆಗಿನದು. ಎರಡನೆಯದು ಇನ್ನೂ ತೊಡಕು. ಕಾರ್ಖಾನೆಯ ತಂಡಗಳಲ್ಲಿ ಕಾರು ನಜ್ಜುಗುಜ್ಜಾದರೆ ಅದೇ ನಂಬರು, ಅದೇ ಕಾಗದಪತ್ರ ಹೊಸ ಕಾರಿನ ಮೈಗೆ ವರ್ಗವಾಗುತ್ತಿದ್ದವು. ಗಡಿಗಳಲ್ಲಿ ಸುಂಕದವರಿಗೆ ತೋರಿಸಲು ಸಿದ್ಧ ಕಾಗದ ಇರುವಾಗ ಹೊಸದಾಗಿ ಮಾಡಿಸುವವರು ಯಾರು? ಹಾಗಾಗಿ ಒಂದೇ ನಂಬರಿನ ಎರಡು ಚಿತ್ರಗಳಲ್ಲಿ ಎರಡು ಬೇರೆ ಬೇರೆ ಕಾರುಗಳಿರಬಹುದು. ಹರಾಜಿನಲ್ಲಿ ಲಕ್ಷಾಂತರ ಪೌಂಡ್ ಸುರಿಯುವವರಿಗೆ ಇದು ತಲೆನೋವು. ನನಗೇನೋ ಇದೇ ಇಷ್ಟ.

ಅದಕ್ಕೇ ನಾನು ಕಾರನ್ನು ಬಿಟ್ಟು ಸುತ್ತಲಿಂದ ಶುರುಮಾಡುತ್ತೇನೆ. ಹಿನ್ನೆಲೆಯಲ್ಲಿ ಕಡಲತೀರದ ವಿಹಾರಪಥ, ಟೊಪ್ಪಿ ತೊಟ್ಟ ಗಂಡಸರು, ನೆಲದ ಮೇಲೆ ಗುರುತಿನ ಕಂಬಗಳು ಕಂಡರೆ ಅದು ಬಹುಪಾಲು 1950ರ ದಶಕ. ಆಗ ಬ್ರಿಟಿಷ್ ರ‍್ಯಾಲಿಗಳು ಗೆಲ್ಲುತ್ತಿದ್ದುದು ನಕ್ಷೆ ಓದುವ ಜಾಣತನದಿಂದ, ಸಮುದ್ರದಂಡೆಯಲ್ಲಿ ಕಾರನ್ನು ಹಿಂದೆ ಮುಂದೆ ತಿರುಗಿಸುವ ಪರೀಕ್ಷೆಗಳಿಂದ. 1960ರ ಆರ್‌ಎಸಿ ರ‍್ಯಾಲಿಯಲ್ಲಿ ಸ್ಕಾಟ್ಲೆಂಡಿನ ಆರ್ಗೈಲ್‌ನಲ್ಲಿ ಎರಡು ಮೈಲಿಯ ಒಂದು ವಿಶೇಷ ಹಂತ (ಗಡಿಯಾರದ ಎದುರು ವೇಗವಾಗಿ ಓಡಿಸುವ, ಬೇರೆ ವಾಹನಗಳಿಲ್ಲದ ರಸ್ತೆಯ ತುಂಡು) ಇಟ್ಟರು. ಮರುವರ್ಷ ಸಂಘಟಕ ಜಾಕ್ ಕೆಮ್ಸ್‌ಲಿಯ ಪ್ರಯತ್ನದಿಂದ ಅರಣ್ಯ ಆಯೋಗದ ಜಲ್ಲಿ ರಸ್ತೆಗಳು ತೆರೆದುಕೊಂಡವು. ಅಲ್ಲಿಂದಾಚೆ ಚಿತ್ರಗಳಲ್ಲಿ ಟೊಪ್ಪಿ ಮಾಯವಾಗಿ ಕೆಸರು, ಪೈನ್ ಮರ, ರಬ್ಬರ್ ಬೂಟು ತುಂಬಿಕೊಳ್ಳುತ್ತವೆ.

ಇನ್ನು ಪ್ಲೇಟಿನ ಬಣ್ಣ. ಮುಂದೆ ಬಿಳಿ, ಹಿಂದೆ ಹಳದಿ ಬಣ್ಣದ ಪ್ರತಿಫಲಕ ಪ್ಲೇಟುಗಳಿಗೆ ಅನುಮತಿ ಸಿಕ್ಕಿದ್ದು 1968ರಲ್ಲಿ, ಹೊಸ ಕಾರುಗಳಿಗೆ ಅವು ಕಡ್ಡಾಯವಾದದ್ದು 1973ರಲ್ಲಿ. ಬಾಗಿಲಿನ ಸಂಖ್ಯಾಫಲಕದಲ್ಲಿ ಪ್ರಾಯೋಜಕ ಲೊಂಬಾರ್ಡ್ ಕಂಪನಿಯ ಹೆಸರಿದ್ದರೆ ಆರ್‌ಎಸಿ ರ‍್ಯಾಲಿಯ 1974 ಅಥವಾ ನಂತರದ ಚಿತ್ರ. ಮಿನಿಯ ಗ್ರಿಲ್ ಮೀಸೆಯಂತೆ ಬಾಗಿದ್ದರೆ ಮಾರ್ಕ್ ಒಂದು (ಮೊದಲ ಮಾದರಿ), ಚೌಕಾಕಾರಕ್ಕೆ ತಿರುಗಿದ್ದರೆ 1967ರ ಶರತ್ಕಾಲದ ನಂತರದ ಮಾರ್ಕ್ ಎರಡು.

ಬರಹವನ್ನೂ ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಪ್ರಿಂಟೊಂದರ ಬೆನ್ನಿಗೆ ಅಚ್ಚುಕಟ್ಟಾದ ಅಕ್ಷರಗಳಲ್ಲಿ "ಆರ್‌ಎಸಿ ರ‍್ಯಾಲಿ, 1967" ಎಂದಿತ್ತು. ಚಿತ್ರದಲ್ಲಿ ಕಾಡಿನ ತಿರುವು, ಎಗರುತ್ತಿರುವ ಜಲ್ಲಿ, ಅಡ್ಡಡ್ಡ ಜಾರುತ್ತಿರುವ ಲೋಟಸ್ ಕಾರ್ಟಿನಾ. 1967ರ ಆರ್‌ಎಸಿ ರ‍್ಯಾಲಿ ನಡೆಯಲೇ ಇಲ್ಲ. ಜಾನುವಾರುಗಳ ಕಾಲುಬಾಯಿ ರೋಗ ಹಬ್ಬಿದ್ದರಿಂದ ಹೊರಡುವ ಹಿಂದಿನ ಸಂಜೆ ರದ್ದಾಯಿತು. ಬರೆದವರು ಯಾರೋ, ಬಹಳ ವರ್ಷಗಳ ಮೇಲೆ ಬರೆದಿರಬೇಕು.

ದೀಪಗಳನ್ನೂ ಎಣಿಸುತ್ತೇನೆ, ಅದರಲ್ಲೂ 1966ರ ಮಾಂಟೆ ಕಾರ್ಲೊ ಚಿತ್ರಗಳಲ್ಲಿ. ಆ ವರ್ಷ ಮಾಕಿನೆನ್, ಆಲ್ಟೊನೆನ್, ಹಾಪ್‌ಕಿರ್ಕ್ ಮೂವರ ಮಿನಿಗಳು ಮೊದಲ ಮೂರು ಸ್ಥಾನದಲ್ಲಿ ಬಂದವು. ರೋಜರ್ ಕ್ಲಾರ್ಕ್‌ನ ಲೋಟಸ್ ಕಾರ್ಟಿನಾ ನಾಲ್ಕನೆಯದು. ಆಮೇಲೆ ತಪಾಸಣೆಯವರು ಬಂದು, ಹೆಡ್‌ಲೈಟಿನಲ್ಲಿ ಒಂಟಿ ತಂತುವಿನ ಕ್ವಾರ್ಟ್ಸ್ ಅಯೋಡಿನ್ ಬಲ್ಬುಗಳಿವೆ, ಬೆಳಕು ತಗ್ಗಿಸುವ ಏರ್ಪಾಡು ನಿಯಮದಂತಿಲ್ಲ ಎಂದು ಎಲ್ಲರನ್ನೂ ಅನರ್ಹಗೊಳಿಸಿದರು. ಹಿಲ್ಮನ್ ಇಂಪ್‌ನಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದಿದ್ದ ರೋಸ್‌ಮೆರಿ ಸ್ಮಿತ್ ಕೂಡ ಉಳಿಯಲಿಲ್ಲ. ಗೆದ್ದನೆಂದು ಸಾರಿದ್ದು ಫ್ರಾನ್ಸಿನ ಸಿಟ್ರೊಯೆನ್ ಕಾರು ಓಡಿಸಿದ ಪೌಲಿ ಟೊಯ್ವೊನೆನ್‌ನನ್ನು. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿ 1964, 1965, 1967ರಲ್ಲಿ ಗೆದ್ದ ಮೂರು ಮಿನಿಗಳ ಮುಂದೆ ನಿಂತ ಇಂಗ್ಲಿಷರು ಇಂದಿಗೂ ಮಾತಾಡುವುದು ಕಳೆದುಹೋದ ನಾಲ್ಕನೆಯ ಗೆಲುವಿನ ಬಗ್ಗೆ. ನನ್ನ ಮಟ್ಟಿಗೆ ಆ ನಿಯಮ ನೆಪ, ಆದರೆ ನೆಪಕ್ಕೆ ಎಡೆಯಿಲ್ಲದಂತೆ ದೀಪ ಹಾಕಿಕೊಳ್ಳಲು ಬಿಎಂಸಿಗೆ ಬರುತ್ತಿರಲಿಲ್ಲವೇ?

ಮತ್ತೆ ಹಿರಿಯರ ಡಬ್ಬಿಗೆ. ಅವರು ಹೆಚ್ಚು ಹೆಮ್ಮೆಯಿಂದ ತೋರಿಸಿದ್ದು ರಾತ್ರಿಯ ಚಿತ್ರವೊಂದನ್ನು. ಸಮಯ ಠಾಣೆಯಲ್ಲಿ ಎಸ್ಕಾರ್ಟ್ ನಿಂತಿದೆ. ಕಿಟಕಿಯಿಂದ ಸಹಚಾಲಕನ ತೋಳು ಮೊಣಕೈವರೆಗೆ ಹೊರಚಾಚಿದೆ, ಬೆರಳ ತುದಿಯಲ್ಲಿ ಟೈಮ್ ಕಾರ್ಡ್. ಮಡಚುವ ಮೇಜಿನ ಮೇಲೆ ಸೀಮೆಎಣ್ಣೆಯ ಲಾಂದ್ರ. ಮುಂದಿನ ಪ್ಲೇಟಿನ ಮೇಲೆ ಕೆಸರು ಗಾರೆಯಂತೆ ಮೆತ್ತಿದೆ. "ಇದು 1972, ಕ್ಲಾರ್ಕ್ ಗೆದ್ದ ವರ್ಷ. ಆ ಕಾರ್ಡಿಗೆ ಸಮಯ ಬರೆದವನೇ ನಾನು," ಎಂದರು.

1972 ಅವರಿಗೆ ಬರಿಯ ವರ್ಷವಲ್ಲ. 1959ರಲ್ಲಿ ಜೆರಿ ಬರ್ಜೆಸ್ ಫೋರ್ಡ್ ಜೆಫರ್‌ನಲ್ಲಿ ಗೆದ್ದ ಮೇಲೆ ಬ್ರಿಟಿಷ್ ಚಾಲಕರಿಗೆ ತಮ್ಮ ನೆಲದ ದೊಡ್ಡ ರ‍್ಯಾಲಿ ದಕ್ಕಿರಲಿಲ್ಲ. ಸ್ವೀಡನ್ನಿನವರು, ಫಿನ್ಲೆಂಡಿನವರು ಬಂದು ಬಾಚಿಕೊಂಡು ಹೋಗುತ್ತಿದ್ದರು. ಕ್ಲಾರ್ಕ್ ಆ ಬರ ನೀಗಿಸಿದ ರಾತ್ರಿ ತಾವು ಅಲ್ಲಿದ್ದೆವೆಂಬುದು ಅವರ ಬದುಕಿನ ಆಸ್ತಿ.

ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಫಿಲ್ಮಿನ ಅಂಚಿನ ಮುದ್ರೆ ಓದಲು ಸಿಕ್ಕಿತು: ಇಲ್ಫರ್ಡ್ ಎಚ್‌ಪಿ5. ಆ ಫಿಲ್ಮ್ ಮಾರುಕಟ್ಟೆಗೆ ಬಂದದ್ದೇ 1976ರಲ್ಲಿ. ಗ್ರಿಲ್ ನೋಡಿದರೆ ಮೊದಲ ಎಸ್ಕಾರ್ಟ್‌ನ ನಾಯಿ ಕಡಿಯುವ ಮೂಳೆಯ ಆಕಾರವಿಲ್ಲ. 1975ರಲ್ಲಿ ಬಂದ ಎರಡನೆಯ ಮಾದರಿಯ ನೇರ ಗೆರೆ. ಕ್ಲಾರ್ಕ್ 1976ರಲ್ಲಿ ಸ್ಟುವರ್ಟ್ ಪೆಗ್ ಜೊತೆ ಪಿಒಒ 505ಆರ್ ಎಸ್ಕಾರ್ಟ್‌ನಲ್ಲಿ ಇನ್ನೊಮ್ಮೆ ಆರ್‌ಎಸಿ ಗೆದ್ದದ್ದುಂಟು. ಆದರೆ ಚಿತ್ರದಲ್ಲಿರುವುದು ಆ ಕಾರೆಂದು ಹೇಳಲು ಕೆಸರು ಬಿಡುತ್ತಿಲ್ಲ.

ಮರುದಿನ ಚಹಾಕ್ಕೆ ಹೋದಾಗ "ನೀವು 1976ರಲ್ಲೂ ಕ್ಲಾರ್ಕ್‌ನನ್ನು ನೋಡಿದ್ದಿರಾ?" ಎಂದಷ್ಟೇ ಕೇಳಿದೆ. ಅವರು ತುಸು ಹೊತ್ತು ಚಿತ್ರವನ್ನೇ ನೋಡಿದರು.

"ಗ್ರಿಲ್ ಬೇರೆಯದು, ಅಲ್ಲವೇ?"

"ಹೌದು."

"ಹಾಗಾದರೆ ಇದು ಬೇರೆ ರಾತ್ರಿ. ಆದರೆ ಕಾರ್ಡಿಗೆ ಬರೆದವನು ನಾನೇ. ಅದನ್ನು ಮಾತ್ರ ಹೊಡೆದುಹಾಕಬೇಡಿ."

ಹೊಡೆದುಹಾಕಲಿಲ್ಲ. ಅಂದಿನಿಂದ ಪ್ರತಿ ಚಿತ್ರದ ದಾಖಲೆಯಲ್ಲಿ ಎರಡು ಅಂಕಣ ಇಟ್ಟಿದ್ದೇನೆ: ಕಂಡದ್ದು, ಹೇಳಿದ್ದು. ಎಚ್‌ಪಿ5, ನೇರ ಗ್ರಿಲ್, ಲಾಂದ್ರ ಮೊದಲ ಅಂಕಣಕ್ಕೆ. 1972, ಕ್ಲಾರ್ಕ್, ಚಳಿಗೆ ಪೆನ್ನಿನ ಶಾಯಿ ಇಳಿಯದೆ ಪೆನ್ಸಿಲ್ ಹಿಡಿದದ್ದು ಎರಡನೆಯದಕ್ಕೆ. ಒಂದನ್ನು ಇನ್ನೊಂದರಿಂದ ತಿದ್ದುವುದಿಲ್ಲ. ತಿದ್ದಿ ಅಚ್ಚುಕಟ್ಟು ಮಾಡಿದ ದಾಖಲೆ ಮುಂದಿನವರ ಕೈಗೆ ಹೋದಾಗ ಯಾವುದು ಫಿಲ್ಮಿನ ಮಾತು, ಯಾವುದು ಮನುಷ್ಯರ ಮಾತು ಎಂದು ಬಿಡಿಸುವ ದಾರಿಯೇ ಇರುವುದಿಲ್ಲ. ಸಂತೆಯ ಪ್ರಿಂಟಿನ "1967" ಆದದ್ದು ಹಾಗೆಯೇ.

ಎರಡನೆಯ ಅಂಕಣ ತುಂಬಿಸಲು ಹಳ್ಳಿಯ ಸಮುದಾಯ ಭವನದಲ್ಲಿ ಮಾರ್ಷಲ್‌ಗಳ ಹಳೆಯ ಗುಂಪು ಸೇರುವಾಗ ಪ್ರಿಂಟುಗಳನ್ನು ಒಯ್ಯುತ್ತೇನೆ. ಪರದೆಯ ಮೇಲೆ ತೋರಿಸಿದರೆ ಎಲ್ಲರೂ ಸುಮ್ಮನೆ ನೋಡುತ್ತಾರೆ, ಕೈಗೆ ಕಾಗದ ಕೊಟ್ಟರೆ ಜಗಳ ಶುರುವಾಗುತ್ತದೆ. ಬೇಕಾದದ್ದು ಆ ಜಗಳವೇ. ಅವರು ಚಾಲಕರನ್ನು ಗುರುತಿಸುವುದು ಅಪರೂಪ. ಗುರುತಿಸುವುದು ಪರಸ್ಪರರ ಕೋಟುಗಳನ್ನು, ಯಾರದೋ ವ್ಯಾನನ್ನು, ಗೇಟು ಬಿಡದೆ ಸತಾಯಿಸಿದ ರೈತನನ್ನು. ಪ್ಯಾಟ್ ಮಾಸ್ ಮತ್ತು ಆ್ಯನ್ ವಿಸ್ಡಮ್ 1960ರಲ್ಲಿ ದೊಡ್ಡ ಆಸ್ಟಿನ್-ಹೀಲಿಯಲ್ಲಿ ಲಿಯೇಜ್-ರೋಮ್-ಲಿಯೇಜ್ ರ‍್ಯಾಲಿ ಗೆದ್ದು ಗಂಡಸರ ಬಾಯಿ ಮುಚ್ಚಿಸಿದ ಕಥೆಯನ್ನು ಹೇಳದೆ ಅಲ್ಲಿನ ಹೆಂಗಸರು ಚಹಾದ ಲೋಟ ಕೆಳಗಿಡುವುದಿಲ್ಲ. ಅದೂ ದಾಖಲಾಗುತ್ತದೆ.

ಒಂದು ಮಾತು ಹಕ್ಕುಸ್ವಾಮ್ಯದ್ದು. ನೆಗೆಟಿವ್ ನಿಮ್ಮ ಕೈಯಲ್ಲಿದ್ದ ಮಾತ್ರಕ್ಕೆ ಚಿತ್ರ ನಿಮ್ಮದಾಗುವುದಿಲ್ಲ. ಬ್ರಿಟನ್ನಿನಲ್ಲಿ ಹಕ್ಕು ಸಾಮಾನ್ಯವಾಗಿ ತೆಗೆದವರದು, ಅವರು ತೀರಿಕೊಂಡ ಮೇಲೂ 70 ವರ್ಷ. ಹಿರಿಯರಿಂದ ಬರಹದಲ್ಲಿ ಅನುಮತಿ ಪಡೆದಿದ್ದೇನೆ. ಸಂತೆಯಲ್ಲಿ ಕೊಂಡವನ್ನು ಅಧ್ಯಯನಕ್ಕೆ ಇಟ್ಟುಕೊಂಡಿದ್ದೇನೆಯೇ ಹೊರತು ಎಲ್ಲಿಯೂ ಪ್ರಕಟಿಸಿಲ್ಲ.

ಕಪ್ಪು-ಬಿಳುಪು ಮುಗಿಯುತ್ತಾ ಬಂದಿದೆ. ಮುಂದಿನದು ಕೋಡಾಕ್ರೋಮ್ ಸ್ಲೈಡುಗಳ ಪೆಟ್ಟಿಗೆ. ಕತ್ತಲಲ್ಲಿ ಉಳಿದ ಕೋಡಾಕ್ರೋಮ್‌ನ ಬಣ್ಣ ಇತರ ಫಿಲ್ಮುಗಳಿಗಿಂತ ಚೆನ್ನಾಗಿ ತಾಳುತ್ತದೆ. ಬಿಎಂಸಿ ಕಾರುಗಳ ಕೆಂಪು ಮೈ, ಬಿಳಿ ಸೂರು ನಿನ್ನೆ ತೊಳೆದಿಟ್ಟಷ್ಟು ಢಾಳಾಗಿವೆ. ಇನ್‌ಫ್ರಾರೆಡ್ ಉಪಾಯ ಇದಕ್ಕೂ ಸರಿಹೊಂದುವುದಿಲ್ಲವಾದ್ದರಿಂದ ಚುಕ್ಕೆಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯಬೇಕು. ಪೆಟ್ಟಿಗೆಯ ಮುಚ್ಚಳದ ಮೇಲೆ ಹಿರಿಯರೇ ಬರೆದ ಚೀಟಿ ಇದೆ: "ಎಲ್ಲವೂ 1968". ಮೊದಲ ಸ್ಲೈಡಿನಲ್ಲಿಯೇ 1970ರ ಲಂಡನ್-ಮೆಕ್ಸಿಕೊ ರ‍್ಯಾಲಿಯ ಫಲಕ ಹೊತ್ತ ಕಾರು ನಿಂತಿದೆ. ಚೀಟಿಯನ್ನು ಎರಡನೆಯ ಅಂಕಣಕ್ಕೆ ಬರೆದುಕೊಂಡು ಸ್ಕ್ಯಾನರ್ ಚಾಲೂ ಮಾಡಿದ್ದೇನೆ.