ಗೋಂದು ಮುಟ್ಟದ ಮಗನ ಜೊತೆ ಪಾಸೋವರ್ ಕೈಕೆಲಸ

ನಾನು ಮೈಸೂರಿನವಳು, ಗಂಡನದು ನ್ಯೂಜೆರ್ಸಿಯ ಯಹೂದಿ ಮನೆತನ. ಹಾಗಾಗಿ ನಮ್ಮ ಮಕ್ಕಳಿಗೆ ಯುಗಾದಿಯೂ ಉಂಟು, ಯಹೂದಿಗಳ ಹಬ್ಬ ಪಾಸೋವರೂ ಉಂಟು. ಮಗನಿಗೆ ಆಟಿಸಂ ಇದೆ. ಗೋಂದು ಬೆರಳಿಗೆ ತಾಗಿದರೆ ಅವನಿಗೆ ತಡೆಯಲು ಆಗುವುದಿಲ್ಲ, ಮಿನುಗುಪುಡಿಯಂತೂ ಬೇಡವೇ ಬೇಡ. ಆದರೆ ಒತ್ತುವ, ಹಿಸುಕುವ, ಚುಚ್ಚುವ ಕೆಲಸ ಕೊಟ್ಟರೆ ಎಷ್ಟು ಹೊತ್ತಾದರೂ ಕೂರುತ್ತಾನೆ. ಅದಕ್ಕೇ ಯಾವ ಕೈಕೆಲಸವೇ ಇರಲಿ, ಮುಟ್ಟಿದರೆ ಹೇಗಿರುತ್ತದೆ ಅಂತ ಮೊದಲು ನೋಡುತ್ತೇನೆ. ಚೆಂದ ಕಾಣುತ್ತದಾ ಅನ್ನುವುದು ಆಮೇಲಿನ ಮಾತು.

ಇನ್ನೊಂದು ನಿಯಮವೂ ಇದೆ. ಮಾಡಿದ್ದು ಪಾಸೋವರಿನ ಸೆಡರ್ ರಾತ್ರಿ ಅವನ ಕೈಗೆ ಬರಬೇಕು. ಯಹೂದಿಗಳ ಪೂರ್ವಜರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕತೆ ಓದಿ, ಹಾಡಿ, ಊಟ ಮಾಡುವ ರಾತ್ರಿ ಅದು. ಕತ್ತಲಾದ ಮೇಲೆ ಶುರುವಾಗುತ್ತದೆ, ಊಟ ಬರುವಷ್ಟರಲ್ಲಿ ಮಕ್ಕಳಿಗೆ ಸಾಕಾಗಿಹೋಗಿರುತ್ತದೆ, ಅದರ ಜೊತೆ ನೆಂಟರ ಗಲಾಟೆ, ತುರಿದ ಖಾರದ ಬೇರು ಹಾರ್ಸ್‌ರ‍್ಯಾಡಿಷ್‌ನ ಘಾಟು ಬೇರೆ.

ಮೊದಲು ಮಕ್ಕಳು ಹಿಸುಕಿ ಆಡುವ ಹಿಟ್ಟಿನ ವಿಷಯ. ಅಂಗಡಿಯ ಪ್ಲೇ-ಡೋನಲ್ಲಿ ಗೋಧಿ ಇರುತ್ತದೆ. ಗೋಧಿ, ಬಾರ್ಲಿ, ಓಟ್ಸ್ ತರಹದ 5 ಧಾನ್ಯಗಳಿಂದ ಮಾಡಿ ಹುಳಿ ಬಂದದ್ದನ್ನು ಹಮೇಟ್ಸ್ ಅನ್ನುತ್ತಾರೆ, ಅದನ್ನು ಹಬ್ಬದಲ್ಲಿ ತಿನ್ನುವುದಿರಲಿ, ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಆ ಡಬ್ಬಿಗಳನ್ನು ನಾವು ಮುಂಚೆಯೇ ಸಾಗಿಸಿಬಿಡುತ್ತೇವೆ. ಬದಲಿಗೆ 2 ಕಪ್ ಅಡುಗೆ ಸೋಡಾ, 1 ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ನೀರು ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತೇನೆ. ಬೇಯಿಸಿ ಹಿಸುಕಿದ ಆಲೂಗಡ್ಡೆಯಷ್ಟು ಗಟ್ಟಿಯಾದಾಗ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಿಸಬೇಕು. ಗಂಡನ ಮನೆಯವರು ಅಶ್ಕೆನಾಜಿಗಳು, ಅಂದರೆ ಯುರೋಪ್ ಮೂಲದ ಯಹೂದಿಗಳು, ಅವರ ಪದ್ಧತಿಯಲ್ಲಿ ಹಬ್ಬದಲ್ಲಿ ಮೆಕ್ಕೆಜೋಳ ತಿನ್ನುವುದಿಲ್ಲ, ಆದರೆ ಮನೆಯಲ್ಲಿದ್ದರೆ ತಪ್ಪಿಲ್ಲ. ಪಾತ್ರೆ ಮಾತ್ರ ಬೇರೆಯದೇ ಇಡುತ್ತೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಇದನ್ನು ಕೊಡಲೇಬೇಡಿ, ಅಷ್ಟು ಸೋಡಾ ಹೊಟ್ಟೆಗೆ ಹೋಗಬಾರದು.

ಈ ಹಿಟ್ಟಿನಲ್ಲಿ ಮಗ ಇಟ್ಟಿಗೆ ಮಾಡುತ್ತಾನೆ. ಕತೆಯಲ್ಲಿ ಗುಲಾಮರು ಮಾಡಿದ್ದೂ ಇಟ್ಟಿಗೆಯನ್ನೇ ಅಲ್ವಾ? ಅಂಗೈ ಊರಿ ಒತ್ತುತ್ತಾ ಒತ್ತುತ್ತಾ ಅವನ ಮೈ ಸಡಿಲವಾಗುವುದು ನನಗೆ ಕಾಣುತ್ತದೆ. ಇನ್ನೊಂದು ಉಂಡೆಯನ್ನು ತೆಳ್ಳಗೆ ಲಟ್ಟಿಸಿ ಫೋರ್ಕಿನಿಂದ ಸಾಲಾಗಿ ಚುಚ್ಚಿದರೆ ಆಟದ ಮಟ್ಸಾ (ಹುಳಿ ಬರಿಸದ ಹಬ್ಬದ ರೊಟ್ಟಿ) ತಯಾರು. ನಿಜವಾದ ಮಟ್ಸಾ ಮಾಡುವಾಗ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು ಅಂತ ಹೇಳಿದ್ದೇ ತಡ, ಮಗಳು ಟೈಮರ್ ತಂದಿಟ್ಟಳು. ಮಗನಿಗೆ ಅದರ ಗಂಟೆ ಆಗದು, ಮರಳು ಗಡಿಯಾರ ಇಟ್ಟೆವು.

ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾರ್ಡುಗಳು. ಸೆಡರಿನಲ್ಲಿ 15 ಹಂತ. ದ್ರಾಕ್ಷಾರಸ, ಕೈ ತೊಳೆಯುವುದು, ಸೊಪ್ಪನ್ನು ಉಪ್ಪುನೀರಿಗೆ ಅದ್ದುವುದು, ನಡುವಿನ ಮಟ್ಸಾ ಮುರಿಯುವುದು, ಹೀಗೆ. ಒಂದೊಂದಕ್ಕೂ ಚಿತ್ರ ಬರೆದು ರಟ್ಟಿಗೆ ವೆಲ್ಕ್ರೋದಲ್ಲಿ ಹಚ್ಚಿದೆವು. ಒಂದು ಮುಗಿದರೆ ಒಂದು ಕಿತ್ತು ಡಬ್ಬಿಗೆ ಹಾಕುವುದು ಮಗನ ಕೆಲಸ. ಊಟ ಯಾವಾಗ ಅಂತ ಪದೇ ಪದೇ ಕೇಳುವುದು ನಿಂತೇ ಹೋಯಿತು, ಇನ್ನೆಷ್ಟು ಬಾಕಿ ಅಂತ ಅವನಿಗೇ ಕಾಣುತ್ತದೆ. ವೆಲ್ಕ್ರೋದ ಪರ್ ಅನ್ನುವ ಸದ್ದು ನಿಮ್ಮ ಮಗುವಿಗೆ ಆಗದಿದ್ದರೆ ಬಟ್ಟೆ ಕ್ಲಿಪ್ಪು ಸಾಕು.

ಕತೆಯಲ್ಲಿ ದೇವರು ಈಜಿಪ್ಟಿನ ಮೇಲೆ ತಂದ 10 ವಿಪತ್ತುಗಳಿಗೆ ಜಿಪ್ ಕವರುಗಳು. ಒಂದರಲ್ಲಿ ಕೆಂಪು ಬಣ್ಣ ಹಾಕಿದ ಹೇರ್ ಜೆಲ್, ಅದು ರಕ್ತವಾದ ನೈಲ್ ನದಿ. ಬಾಯಿಗೆ ಟೇಪು ಸುತ್ತಿದ್ದರಿಂದ ಕೈಗೆ ಅಂಟದು, ಹೊರಗಿನಿಂದ ಒತ್ತಬಹುದು. ಇನ್ನೊಂದರಲ್ಲಿ ರಬ್ಬರ್ ಕಪ್ಪೆ, ಮತ್ತೊಂದರಲ್ಲಿ ಆಲಿಕಲ್ಲಿಗೆ ಹತ್ತಿ ಉಂಡೆ. ಕತ್ತಲೆಗೆ ಒಂದು ದಪ್ಪ ಕಪ್ಪು ಹೊದಿಕೆ, ಗಲಾಟೆ ಜಾಸ್ತಿ ಆದಾಗ ಅದರೊಳಗೆ ಹೋಗಿ ಕೂರಬಹುದು. ಹತ್ತನೆಯದು ಚೊಚ್ಚಲ ಮಕ್ಕಳ ಸಾವು. ಅದಕ್ಕೆ ನಾನು ಏನನ್ನೂ ಮಾಡಿಸುವುದಿಲ್ಲ. ಮಗ ನಮ್ಮ ಚೊಚ್ಚಲ, ಕೇಳಿದ್ದನ್ನು ಹಾಗೆ ಹಾಗೆಯೇ ನಂಬುವವನು.

ಕೊನೆಗೆ ಅಫಿಕೋಮನ್ ಚೀಲ. ಮುರಿದ ಮಟ್ಸಾದ ತುಂಡನ್ನು ಅದರಲ್ಲಿಟ್ಟು ಬಚ್ಚಿಡುತ್ತಾರೆ, ಮಕ್ಕಳು ಹುಡುಕಿ ಬಹುಮಾನ ಪಡೆಯುತ್ತಾರೆ. ಫೆಲ್ಟ್ ಬಟ್ಟೆ ಅವನಿಗೆ ಚುಚ್ಚುತ್ತದೆ, ಅದಕ್ಕೆ ಅಮ್ಮನ ಹಳೇ ಹತ್ತಿ ಸೀರೆಯ ತುಂಡು ತೆಗೆದುಕೊಂಡೆ, ಒಗೆದು ಒಗೆದು ಮೆತ್ತಗಾದದ್ದು. ಅಂಚಿನಲ್ಲಿ ನಾನು ತೂತು ಮಾಡಿಕೊಟ್ಟೆ, ಅವನು ಶೂ ಲೇಸಿನಲ್ಲಿ ಹೊಲಿದ. ಎಲ್ಲಿ ಬಚ್ಚಿಡಬಹುದು ಅನ್ನುವ ಮೂರ್ನಾಲ್ಕು ಜಾಗದ ಫೋಟೋ ಅವನಿಗೆ ಮೊದಲೇ ತೋರಿಸಿರುತ್ತೇನೆ. ಮಿಕ್ಕ ಮಕ್ಕಳು ಓಡುವ ಮುಂಚೆ ಅವನು ಹುಡುಕಲು ಹೊರಡುತ್ತಾನೆ, ಅದಕ್ಕೆ ಅಜ್ಜ ಒಪ್ಪಿದ್ದಾರೆ.