ಚಳಿನಾಡಿಗೆ ಹೊರಟ ಲಾರಿ: ಎಂಜಿನ್ ಕೂಲಿಂಗ್ ದೋಷ ಪತ್ತೆ ಹಚ್ಚುವುದು ಹೇಗೆ?

ರೇಡಿಯೇಟರಿಗೆ ಬರೀ ಬೋರ್‌ವೆಲ್ ನೀರು ತುಂಬಿಕೊಂಡು ಓಡುವ ಹಳೆಯ ಲಾರಿಗಳು ನಮ್ಮ ಕಡೆ ಈಗಲೂ ಇವೆ. ಬಯಲುಸೀಮೆಯ ಚಳಿಗಾಲದಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಆದರೆ ಅದೇ ಲಾರಿ ಸೇಬಿನ ಲೋಡಿಗೆಂದು ಕಾಶ್ಮೀರಕ್ಕೆ ಹೋಗಿ, ಹಿಮ ಬಿದ್ದು ಜಮ್ಮು–ಶ್ರೀನಗರ ಹೆದ್ದಾರಿ ಮುಚ್ಚಿದಾಗ ಖಾಜಿಗುಂಡ್‌ನಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಆ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವ ನೀರು ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ರೇಡಿಯೇಟರಿನ ಕೊಳವೆಗಳಷ್ಟೇ ಅಲ್ಲ, ಎರಕದ ಎಂಜಿನ್ ಬ್ಲಾಕ್ ಕೂಡ ಸೀಳಬಹುದು. ಆದ್ದರಿಂದ ಚಳಿ ಪ್ರದೇಶದಲ್ಲಿ ಕೂಲಿಂಗ್ ತೊಂದರೆಯನ್ನು ಹುಡುಕುವ ಕೆಲಸ ಎಂಜಿನ್ ಬಿಸಿಯಾದ ಮೇಲಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಆರಂಭವಾಗಬೇಕು.

ಮೊದಲು ಒಳಗಿರುವುದು ಏನೆಂದು ತಿಳಿಯಬೇಕು. ಪೂರ್ತಿ ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆದು, ದ್ರವದ ಮಟ್ಟ, ಅದರಲ್ಲಿ ತುಕ್ಕಿನ ಕೆಸರು ಅಥವಾ ಆಯಿಲ್ ಪೊರೆ ಇದೆಯೇ ಎಂಬುದನ್ನು ನೋಡಿ. ಹಸಿರು ಅಥವಾ ಗುಲಾಬಿ ಬಣ್ಣ ಕಂಡಿತೆಂದು ಸಮಾಧಾನಪಡಬೇಡಿ. ದಾರಿಯುದ್ದಕ್ಕೂ ನೀರು ಸೇರಿಸುತ್ತ ಬಂದ ಕೂಲಂಟ್‌ಗೂ (ಎಂಜಿನ್ ತಂಪಾಗಿಡುವ ದ್ರವ) ಬಣ್ಣ ಉಳಿದಿರುತ್ತದೆ, ಹೆಪ್ಪುಗಟ್ಟುವುದನ್ನು ತಡೆಯುವ ಶಕ್ತಿ ಉಳಿದಿರುವುದಿಲ್ಲ. ರಿಫ್ರಾಕ್ಟೋಮೀಟರ್‌ನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಅದು ಎಷ್ಟು ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆಂಬುದು ಅಲ್ಲೇ ಕಾಣುತ್ತದೆ. ಕೂಲಂಟ್‌ನಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ರಾಸಾಯನಿಕವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಾಗಿದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಭಯವಿಲ್ಲ. ನೀರೇ ಬೆರೆಸದೆ ಗ್ಲೈಕಾಲ್ ಮಾತ್ರ ಸುರಿದರೆ ಇನ್ನೂ ಒಳ್ಳೆಯದೆಂಬ ನಂಬಿಕೆ ತಪ್ಪು. ಶುದ್ಧ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ನಂತರ ಟಾರ್ಚ್ ಹಿಡಿದು ಹೋಸ್‌ಗಳ ತುದಿಗಳನ್ನು ಪರೀಕ್ಷಿಸಿ. ಚಳಿಗೆ ರಬ್ಬರ್ ಗಟ್ಟಿಯಾಗಿ ಕುಗ್ಗಿ ಕ್ಲಿಪ್ ಸಡಿಲವಾಗುತ್ತದೆ. ಬೆಳಗಿನ ಜಾವ ಹನಿಯುವ ಜಾಗ ಎಂಜಿನ್ ಬಿಸಿಯಾದೊಡನೆ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್‌ಗೆ ಏನೂ ಸಿಗದಿರುವುದಕ್ಕೆ ಇದೇ ಕಾರಣ. ಕ್ಲಿಪ್‌ನ ಅಂಚಿನಲ್ಲಿ ಒಣಗಿ ಅಂಟಿಕೊಂಡ ಬಿಳಿ ಅಥವಾ ಬಣ್ಣದ ಹುಡಿಯೇ ಸೋರಿಕೆಯ ಗುರುತು. ವಾಟರ್ ಪಂಪ್‌ನ ಕೆಳಗಿರುವ ಸಣ್ಣ ರಂಧ್ರದಲ್ಲಿ ಅದೇ ಕಲೆ ಕಂಡರೆ ಪಂಪ್‌ನ ಸೀಲ್ ಹೋಗಿದೆ ಎಂದರ್ಥ. ಕ್ಯಾಪ್‌ನ ರಬ್ಬರನ್ನೂ ನೋಡಿಕೊಳ್ಳಿ. ಶ್ರೀನಗರ–ಲೇಹ್ ದಾರಿಯಲ್ಲಿ 3,528 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ ನೀರು 88 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಒತ್ತಡ ಹಿಡಿಯದ ಕ್ಯಾಪ್ ಇದ್ದರೆ ಸುತ್ತ ಹಿಮವಿದ್ದರೂ ಘಾಟಿ ಹತ್ತುವಾಗ ಕೂಲಂಟ್ ಉಕ್ಕಬಹುದು.

ಈಗ ಕ್ಯಾಪ್ ಬಿಗಿಮಾಡಿ ಸ್ಟಾರ್ಟ್ ಮಾಡಿ, ತಾಪ ತೋರಿಸುವ ಗೇಜ್‌ನ ಮುಳ್ಳನ್ನು ಗಮನಿಸಿ. ಅರ್ಧ ಗಂಟೆ ಓಡಿಸಿದರೂ ಮುಳ್ಳು ಮೇಲೇಳದಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ, ಕೂಲಂಟ್ ರೇಡಿಯೇಟರಿಗೆ ಹೋಗುವ ದಾರಿಯನ್ನು ಸುಮಾರು 80 ಡಿಗ್ರಿಯಲ್ಲಿ ತೆರೆಯಬೇಕಾದ ಥರ್ಮೋಸ್ಟಾಟ್ ಎಂಬ ವಾಲ್ವ್ ತೆರೆದೇ ಸಿಕ್ಕಿಬಿದ್ದಿರಬಹುದು ಅಥವಾ ಫ್ಯಾನ್‌ನ ವೇಗ ಹಿಡಿತದಲ್ಲಿಡುವ ಕ್ಲಚ್ ಜಾಮ್ ಆಗಿ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ತಿರುಗುತ್ತಿರಬಹುದು. ತಣ್ಣನೆಯ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ. ಬಿಎಸ್–6 ಲಾರಿಗಳಲ್ಲಿ ಇನ್ನೊಂದು ಪೆಟ್ಟೂ ಇದೆ: ಹೊಗೆ ಶುದ್ಧೀಕರಿಸಲು ಬಳಸುವ, ಮೈನಸ್ 11ರಲ್ಲಿ ಹೆಪ್ಪುಗಟ್ಟುವ ಯೂರಿಯಾ ದ್ರಾವಣವನ್ನು ಅನೇಕ ಮಾದರಿಗಳಲ್ಲಿ ಕರಗಿಸುವುದು ಬಿಸಿ ಕೂಲಂಟ್‌ನಿಂದಲೇ. ದಕ್ಷಿಣದ ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನು ಕಿತ್ತೇ ಹಾಕುವ ರೂಢಿಯಿದೆ; ಉತ್ತರಕ್ಕೆ ಹೊರಡುವ ಲಾರಿಗೆ ಅದನ್ನು ಮರಳಿ ಕೂರಿಸಲೇಬೇಕು.

ಇದಕ್ಕೆ ವ್ಯತಿರಿಕ್ತವಾಗಿ, ಮೈಕೊರೆಯುವ ಚಳಿಯಲ್ಲಿ ಮುಳ್ಳು ಸರ್ರನೆ ಏರಿದರೆ ಕೂಡಲೇ ಎಂಜಿನ್ ನಿಲ್ಲಿಸಿ. ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್‌ಗಳನ್ನು ಹುಷಾರಾಗಿ ಮುಟ್ಟಿನೋಡಿ. ಮೇಲಿನದೂ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರುವ ಅಥವಾ ಗಾಳಿ ತುಂಬಿರುವ ಸಾಧ್ಯತೆ ಹೆಚ್ಚು. ಮೇಲಿನದು ಸುಡುತ್ತಿದ್ದು ಕೆಳಗಿನದು ಕೊರೆಯುತ್ತಿದ್ದರೆ ರೇಡಿಯೇಟರ್ ಒಳಗೆ ಮಂಜು ಕಟ್ಟಿದೆ ಅಥವಾ ಕೊಳವೆಗಳು ಮುಚ್ಚಿಹೋಗಿವೆ. ಹೆಪ್ಪುಗಟ್ಟಿದ ರೇಡಿಯೇಟರಿಗೆ ಕುದಿನೀರು ಸುರಿಯುವುದಾಗಲಿ, ಅಡಿಯಲ್ಲಿ ಬೆಂಕಿ ಹಾಕುವುದಾಗಲಿ ಕೂಡದು. ಗಾಳಿ ಬೀಸದ ಶೆಡ್ಡಿನಲ್ಲಿ ನಿಲ್ಲಿಸಿ ನಿಧಾನವಾಗಿ ಕರಗಲು ಬಿಡಬೇಕು. ಹೊರಗೆ ಸೋರಿಕೆಯಿಲ್ಲದೆ ಕೂಲಂಟ್ ಇಳಿಯುತ್ತಿದ್ದು, ಎಂಜಿನ್ ಬಿಸಿಯಾದ ಬಳಿಕವೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನಪಡಬೇಕು. ಅದು ರಸ್ತೆ ಬದಿಯ ರಿಪೇರಿಯಲ್ಲ.

ದ್ರವ ಬದಲಿಸುವಾಗ ರೇಡಿಯೇಟರ್ ಮತ್ತು ಬ್ಲಾಕ್ ಎರಡರ ಡ್ರೈನ್‌ಗಳನ್ನೂ ತೆರೆಯಿರಿ, ಇಲ್ಲವಾದರೆ ಬ್ಲಾಕ್‌ನಲ್ಲಿ ಹಳೆಯ ನೀರು ಉಳಿಯುತ್ತದೆ. ಕ್ಯಾಬಿನ್ ಹೀಟರ್ ಇದ್ದರೆ ಅದರ ನಾಬ್ ಬಿಸಿಯ ಕಡೆಗಿರಲಿ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟನ್ನು ನಿಧಾನವಾಗಿ ತುಂಬಿ, ಗಾಳಿ ಹೊರಹೋಗಲು ಬಿಟ್ಟು, ಎಂಜಿನ್ ಒಮ್ಮೆ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಮಟ್ಟವನ್ನು ಮತ್ತೆ ನೋಡಿ. ಹಳೆಯ ಕೂಲಂಟನ್ನು ಡಬ್ಬಿಯಲ್ಲೇ ಹಿಡಿಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಢಾಬಾದ ಮುಂದೆ ಚೆಲ್ಲಿದರೆ ಅಲ್ಲಿನ ನಾಯಿಗಳು ನೆಕ್ಕಿ ಸಾಯುತ್ತವೆ.